ಮರ ಹತ್ತಿದ ಹಾಫ್ ಮ್ಯಾರಥಾನ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ತುರುವೇಕೆರೆ ರಸ್ತೆಯ ತೆಂಗಿನ ಮರವೊಂದು ಶಶಿರೇಖಾಳನ್ನು ಬೈದದ್ದಂತೂ ನಿಜ.

"ಯಾರವ್ವಾ ಅದು? ಬೆಳಬೆಳಗ್ಗೆ ಹಗ್ಗ ಕಿತ್ಕೊಂಡ ಕರು ಥರ ಓಡ್ತಾವ್ಳೆ!"

ತಿಪಟೂರಿನ ಕಾಲೇಜೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುವ ಶಶಿರೇಖಾ ಗಕ್ಕನೆ ನಿಂತು, ಮರಕ್ಕೇ ಕೈ ಮುಗಿದಳು. "ತಪ್ಪಾಯ್ತಮ್ಮಾ. ಹಾಫ್ ಮ್ಯಾರಥಾನ್‌ಗೆ ಪ್ರಾಕ್ಟೀಸ್ ಮಾಡ್ತಿದ್ದೀನಿ."

ಮರದ ಹಿಂದಿನಿಂದ ರನ್ನಿಂಗ್ ಶೂ ತೊಟ್ಟ ಬಸವರಾಜು ಹೊರಬಂದ. ತೋಟ ಅವನದು, ಅವನೂ ಅದೇ ರೇಸಿಗೆ ತಯಾರಾಗುತ್ತಿದ್ದ. ಬೈದದ್ದು ಅವನ ಅವ್ವ ಚಿಕ್ಕಗಂಗಮ್ಮನ ದನಿಯಲ್ಲಿ, ಬಾಯಿ ಮಾತ್ರ ಅವನದು. ಶಶಿರೇಖಾ ಮೊದಲು ಗುರಾಯಿಸಿದಳು, ಆಮೇಲೆ ತುಟಿ ಕಚ್ಚಿ ನಗು ತಡೆದಳು. ತಡೆದ ಆ ನಗುವಿನ ಹಿಂದೆ ಬಸವರಾಜು ಅಂದಿನಿಂದ ದಿನಾ ಓಡಿದ.

ಅವನ ಗಂಟಲಲ್ಲಿ ಒಂದು ಊರೇ ಇತ್ತು. ಬಸ್ ಕಂಡಕ್ಟರ್ ಆಗಿ, "ಶಶಿ ಮನಸ್ಸಿಗೆ ಹೋಗೋರು ಹತ್ರೀ, ಒಂದೇ ಸೀಟು!" ಎಂದ. ರೈಲ್ವೆ ಸ್ಟೇಷನ್ನಿನ ಹೆಣ್ಣುದನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ, ಶಶಿರೇಖಾರನ್ನು ಪ್ರೀತಿಸುವ ಹುಡುಗ ಒಂದನೇ ಪ್ಲಾಟ್‌ಫಾರಂಗೆ ಬರುತ್ತಿದ್ದಾನೆ" ಎಂದ. ಅವನ ಸ್ವಂತ ದನಿ ಮಾತ್ರ ಆ ವಿಷಯ ಬಂದಾಗಲೆಲ್ಲ ಕಾಣೆಯಾಗುತ್ತಿತ್ತು.

ರೇಸಿನ ಹಿಂದಿನ ದಿನ ಶೂ ಲೇಸ್ ಬಿಗಿಯುತ್ತಾ ಅವಳು ತಲೆ ಎತ್ತದೇ ಹೇಳಿದಳು: "ನಾಳೆ ಸಂಜೆ ಚಿಕ್ಕನಾಯಕನಹಳ್ಳಿಯಿಂದ ನನ್ನ ನೋಡಕ್ಕೆ ಬರ್ತಾರೆ. ಏನಾದ್ರೂ ಹೇಳೋದಿದ್ರೆ ರೇಸ್ ಮುಗಿಯೋದ್ರೊಳಗೆ ಹೇಳು. ನಿನ್ನ ದನೀಲಿ. ಇಲ್ದಿದ್ರೆ ಅವ್ರಿಗೆ ಹ್ಞೂಂ ಅಂದ್ಬುಡ್ತೀನಿ."

ಅವನು ಬಾಯಿ ತೆರೆದ. "ರೈಟ್ ರೈಟ್!" ಎಂದು ಹೊರಬಿದ್ದವನು ಕಂಡಕ್ಟರ್. ಅವಳು ನಗಲಿಲ್ಲ.

ಭಾನುವಾರ ಇಬ್ಬರೂ ಜೊತೆಯಲ್ಲೇ ಓಡಿದರು. ಅವಳ ಜಡೆ ಎಡಕ್ಕೆ, ಬಲಕ್ಕೆ, ಎಡಕ್ಕೆ ತೂಗುತ್ತಿತ್ತು. ಅವನ ಧೈರ್ಯವೂ ಹಾಗೆಯೇ. ಅರ್ಧ ದಾರಿ ದಾಟಿ ತೋಟ ಹತ್ತಿರವಾದಾಗ ಅವನಿಗೊಂದು ಉಪಾಯ ಹೊಳೆಯಿತು. ಆ ಸೀಮೆಯಲ್ಲಿ ಕೊಬ್ಬರಿಯಾಗಬೇಕಾದ ಕಾಯನ್ನು ಎಳನೀರಿಗೆ ಕೀಳುವವರಿಲ್ಲ. ನೆಂಟರು ಬಂದರೂ ಕಾಫಿಯೇ. ಅಂಥದ್ದರಲ್ಲಿ ಒಂದು ಎಳನೀರು ಕಿತ್ತು ಅವಳ ಕೈಗಿಟ್ಟರೆ, ಪ್ರೀತಿಗೆ ಬೇರೆ ಮಾತೇ ಬೇಡ!

ಅವನು ಮುಂದಕ್ಕೆ ಓಡಿ, ತೋಟ ಹೊಕ್ಕು, ಶೂ ಬಿಚ್ಚಿ ಮರ ಹತ್ತಿದ. ಎರಡು ಕಾಯಿ ಧೊಪ್ಪೆಂದು ಬಿದ್ದವು.

ಅವನು ಇಳಿಯುವ ಮೊದಲೇ, ರಸ್ತೆ ಬಿಟ್ಟವನನ್ನು ಹುಡುಕಿಕೊಂಡು ಶಶಿರೇಖಾ ತೋಟದೊಳಗೆ ಬಂದಳು. ಪಂಪ್‌ಸೆಟ್ ಮನೆಯ ಹಿಂದಿನಿಂದ ದನಿ ಕೇಳಿತು: "ಯಾವನ್ಲಾ ಅವ್ನು, ಕೊಬ್ಬರಿ ಕಾಯ್ನ ಎಳನೀರಿಗೆ ಕಿತ್ತೋನು?"

ಬಸವರಾಜುವಿನ ಬೆವರು ಮರದ ಮೇಲೆಯೇ ತಣ್ಣಗಾಯಿತು. ಈ ಸಲ ನಿಜವಾದ ಅವ್ವ!

ಶಶಿರೇಖಾಳಿಗೆ ಅದು ಹೇಗೆ ಗೊತ್ತಾಗಬೇಕು? ಅವಳು ದನಿ ಬಂದತ್ತ ತಿರುಗಿ ಕೂಗಿದಳು: "ಸಾಕ್ಮಾಡೋ, ಕೋತಿ! ಇವತ್ತೂ ನಿಮ್ಮವ್ವನ ದನೀನೇ ಬೇಕಾ? ಕಟ್ಕೊಂಡ್ರೆ ನಿನ್ನೇ ಕಟ್ಕೋಬೇಕು ಅಂತ ನಾನಿಲ್ಲಿ ಸಾಯ್ತಿದ್ರೆ..."

ಮಚ್ಚು ಹಿಡಿದ ಚಿಕ್ಕಗಂಗಮ್ಮ ಹೊರಬಂದಳು.

ಶಶಿರೇಖಾ ಎರಡು ಹೆಜ್ಜೆ ಹಿಂದೆ ಸರಿದಳು. ಚಿಕ್ಕಗಂಗಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮರದ ತುದಿಯತ್ತ ಕತ್ತೆತ್ತಿದಳು. "ಇಳೀಲಾ, ಮೂದೇವಿ. ಈ ಮಗು ಕೇಳ್ತಾ ಐತಲ್ಲ, ಏನಂತ ಹೇಳು."

ಅವನು ಜಾರಿ ಇಳಿದ. ಎದೆ ತರಚಿತ್ತು. ಕಂಡಕ್ಟರನನ್ನು ಕರೆದ, ಬರಲಿಲ್ಲ. ರೈಲ್ವೆ ಹುಡುಗಿಯನ್ನು ಕರೆದ, ಅವಳೂ ಇಲ್ಲ. ಅಷ್ಟು ದೂರ ಓಡಿ, ಮರವನ್ನೂ ಹತ್ತಿದವನಲ್ಲಿ ಬೇರೆಯವರಿಗೆ ಸಾಲುವಷ್ಟು ಉಸಿರೇ ಉಳಿದಿರಲಿಲ್ಲ.

"ಶಶೀ... ನಿನ್ನ ಬಿಟ್ಟಿರಕ್ಕಾಗಲ್ಲ ಕಣೇ." ಒಡಕು, ಒರಟು, ಅವನದೇ ದನಿ. "ಬೇರೆಯವ್ರ ದನೀಲಿ ಹೇಳಿದ್ರೆ, ನೀನು ಇಲ್ಲ ಅಂದ್ರೂ ಅವ್ರಿಗೇ ಅಂದಂಗಾಯ್ತದೆ ಅಂತ..."

ಅವಳ ಕಣ್ಣು ತುಂಬಿತು, ತುಟಿ ಅರಳಿತು. "ಇಷ್ಟು ಚೆನ್ನಾಗಿರೋ ದನೀನ ಯಾಕೋ ಬಚ್ಚಿಟ್ಟಿದ್ದೆ?"

ಚಿಕ್ಕಗಂಗಮ್ಮ ಎಳನೀರು ಕೆತ್ತಿ ಇಬ್ಬರಿಗೂ ಕೊಟ್ಟಳು. "ಕಿತ್ತಿದ್ದಾಯ್ತು. ಕಾಯೊಳಗಿನ ಗಂಜಿ ತಿಂದೇ ಓಡ್ರಿ." ರಸ್ತೆಯಲ್ಲಿ ಓಟಗಾರರು ಒಬ್ಬೊಬ್ಬರಾಗಿ ಇವರನ್ನು ದಾಟಿ ಹೋಗುತ್ತಿದ್ದರು.

ಬಸವರಾಜುವಿಗೆ ಥಟ್ಟನೆ ನೆನಪಾಯಿತು. "ಸಂಜೆ ಬರೋರಿಗೆ ಏನಂತೀಯಾ? ನಡಿ, ಈಗ್ಲೇ ನಿಮ್ಮಪ್ಪನ ಹತ್ರ ಹೋಗಣ."

"ಯಾರು ಬರೋರು?" ಶಶಿರೇಖಾ ಗಂಜಿ ಕೆರೆಯುತ್ತಲೇ ಕೇಳಿದಳು.

"ಚಿಕ್ಕನಾಯಕನಹಳ್ಳಿಯೋರು!"

"ಓ, ಅವ್ರಾ? ಅವ್ರು ಹುಟ್ಟಿದ್ದೇ ನಿನ್ನೆ, ನನ್ನ ಬಾಯಲ್ಲಿ. ಆಟ ಕಟ್ಟಕ್ಕೆ ನಿನಗೊಬ್ಬನಿಗೇ ಬರೋದಾ?"

ಚಿಕ್ಕಗಂಗಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು. ಶಶಿರೇಖಾ ಹೊಟ್ಟೆ ಹಿಡಿದು ನಕ್ಕಳು. ಬಸವರಾಜು ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಎಳನೀರು ನೆತ್ತಿಗೇರುವಂತೆ, ರಸ್ತೆಯಲ್ಲಿ ಓಡುತ್ತಿದ್ದವರೂ ತಿರುಗಿ ನೋಡುವಂತೆ, ಇಬ್ಬರನ್ನೂ ಮೀರಿಸಿ ನಕ್ಕ.