ಗಾಜು ಏರಿಸಿದ ಕಾರು

ಆಸ್ಪತ್ರೆಯಲ್ಲಿ ರೊಸಾಲಿಗೆ ಏರಿಸುವ ಔಷಧಿಯ ಚೀಲಕ್ಕೆ ಕಂದು ಮುಸುಕು ಹಾಕಿ ತಂದಾಗಲೇ ನನ್ನ ನೆತ್ತಿ ಬಿಸಿಯಾಯಿತು.

"ಒಳಗೇನು ಮುಚ್ಚಿಟ್ಟಿದೀರಾ?" ಎಂದೆ.

ನರ್ಸ್ ಬರ್ನಿಸ್ ನಕ್ಕಳು. "ಬೆಳಕು ಬಿದ್ರೆ ಕೆಡುತ್ತಪ್ಪಾ. ಒಳಗಿರೋದು ವಿಷಾನೇ. ಅದಕ್ಕೊಂದು ಆಂಟಿಬಾಡಿ ಅಂಟಿಸಿರ್ತಾರೆ. ಅದು ಕ್ಯಾನ್ಸರ್ ಕಣದ ಗುರುತು ಹಿಡಿದು, ಅದರ ಹೊಟ್ಟೆಯೊಳಗೇ ಹೋಗಿ ವಿಷ ಬಿಚ್ಚುತ್ತೆ."

"ಅದು ತಪ್ಪು ಮನೆಗೆ ನುಗ್ಗಿದ್ರೆ?"

"ಒಂದೊಂದ್ಸಲ ಒಳ್ಳೇ ಶ್ವಾಸಕೋಶಕ್ಕೇ ಹೊಡೆಯುತ್ತೆ. ಅದಕ್ಕೇ, ಹೊಸದಾಗಿ ಕೆಮ್ಮು ಬಂದ್ರೆ ತಕ್ಷಣ ನನಗೆ ಫೋನ್ ಮಾಡ್ಬೇಕು."

ಕುರ್ಚಿಗೊರಗಿದ್ದ ರೊಸಾಲಿ ನನ್ನತ್ತ ಒಂದೇ ಹುಬ್ಬು ಏರಿಸಿದಳು. "ಇವನು ಬಿಸ್ಕತ್ತು ಕೊಟ್ರೂ ಮೂಸಿ ನೋಡ್ತಾನೆ, ಬರ್ನಿಸ್. ಮೊದಲ ಸಲ ನನ್ನನ್ನೂ ಹಾಗೇ ನೋಡಿದ್ದ."

ಸಿಗರೇಟನ್ನೇ ಮುಟ್ಟದ ಹುಡುಗಿಗೆ ಶ್ವಾಸಕೋಶದ ಕ್ಯಾನ್ಸರ್. ಆಗಲೇ ಮೂಳೆಗೂ ಹಬ್ಬಿತ್ತು. ಟೊಲೀಡೊ ಊರಿನ ಛಾವಣಿಗಳ ಮೇಲೆ ಬಿಸಿ ಟಾರು ಬಳಿಯುತ್ತ, ಅದರ ಹೊಗೆಯ ಮೇಲೆ ಸಿಗರೇಟಿನ ಹೊಗೆಯನ್ನೂ ಕುಡಿಯುವ ನಾನು ಮಾತ್ರ ಗುಂಡುಕಲ್ಲಿನ ಹಾಗಿದ್ದೆ. ಇದಕ್ಕೆ ಯಾವನ ಕೊರಳಪಟ್ಟಿ ಹಿಡಿಯಲಿ?

ಬೇಸಿಗೆಯ ಹೊತ್ತಿಗೆ ಗೆಡ್ಡೆ ಅರ್ಧಕ್ಕಿಳಿಯಿತು. ಆಗಲೇ ಅವಳು ಬದಲಾದದ್ದು. ಊಟದ ಮಧ್ಯೆ ಎದ್ದು ಹೋಗಿ ಬಚ್ಚಲ ನಲ್ಲಿ ಜೋರಾಗಿ ಬಿಡುವಳು. ಸಂಜೆಯಾದರೆ ಫೋನ್ ಹಿಡಿದು ಕಾರಿಗೆ ಓಡುವಳು. ಆ ಸೆಕೆಯಲ್ಲೂ ಗಾಜು ಏರಿಸಿಕೊಳ್ಳುವಳು.

"ಯಾರ ಜೊತೆ ಮಾತು?"

"ಚಿಕ್ಕಮ್ಮನ ಜೊತೆ ಕಣೋ."

"ಗಾಜು ಯಾಕೆ?"

"ನೀನು ಕದ್ದು ಕೇಳ್ತೀಯಲ್ಲ, ಅದಕ್ಕೆ."

ಆ ತುಂಟ ನಗು ಎದೆಗೆ ಹಿತವಾಯಿತು. ತಲೆಗೆ ಆಗಲಿಲ್ಲ.

ಮರುದಿನ ಸಂಜೆ ಅವಳ ಬೆನ್ನಿಗೇ ಕಾರಿನ ಹತ್ತಿರ ಹೋದೆ. ಫೋನಿನಲ್ಲಿರುವವನು ಯಾವನೇ ಆಗಿರಲಿ, ಹಲ್ಲುದುರಿಸುವುದೆಂದು ಮುಷ್ಟಿ ಬಿಗಿದಿದ್ದೆ.

ಫೋನ್ ಪಕ್ಕದ ಸೀಟಿನ ಮೇಲೆ ಬಿದ್ದಿತ್ತು. ರೊಸಾಲಿ ಟವೆಲಿನಲ್ಲಿ ಮುಖ ಹುದುಗಿಸಿ, ಬೆನ್ನೆಲ್ಲ ಕುಲುಕುವ ಹಾಗೆ ಕೆಮ್ಮುತ್ತಿದ್ದಳು.

ಬಾಗಿಲು ಎಳೆದೆ.

"ಹೇಳ್ಬೇಡ ಡ್ವೇನ್," ಎಂದು ತೋಳು ಹಿಡಿದಳು. "ಹೇಳಿದ್ರೆ ಔಷಧಿ ನಿಲ್ಲಿಸ್ತಾರೆ. ಕೆಲಸ ಮಾಡಿದ್ದು ಇದೊಂದೇ ಕಣೋ."

"ಅದೇ ನಿನ್ನ ಉಸಿರು ಕಟ್ಟಿಸಿದ್ರೆ?"

"ನನ್ನ ಮೇಲೆ ಪ್ರೀತಿ ಇದೆ ತಾನೆ? ಬಾಯಿ ಮುಚ್ಚು."

ಪ್ರೀತಿ ಇದ್ದದ್ದಕ್ಕೇ ಬರ್ನಿಸ್‌ಗೆ ಫೋನ್ ಮಾಡಿದೆ. ರೊಸಾಲಿ ನನ್ನ ಬೆನ್ನಿಗೆ ಗುದ್ದುತ್ತಲೇ ಇದ್ದಳು.

"ಯಾವಾಗಿನಿಂದ ಕೆಮ್ಮು?" ಬರ್ನಿಸ್ ಕೇಳಿದಳು. ಫೋನನ್ನು ರೊಸಾಲಿಯ ಬಾಯಿಗೆ ಹಿಡಿದೆ.

"ಹೋದ ಸಲ ಔಷಧಿ ಹಾಕಿಸ್ಕೊಂಡಾಗ್ಲೂ ಇತ್ತು."

"ಅಯ್ಯೋ ಮರಿ! ಈಗಲೇ ಹೊರಟು ಬನ್ನಿ. ಸ್ಕ್ಯಾನ್ ನೋಡೋವರೆಗೂ ಔಷಧಿ ಇಲ್ಲ."

ದಾರಿಯಲ್ಲಿ ಅವಳು ನನ್ನತ್ತ ತಿರುಗಲಿಲ್ಲ.

"ಚಾಡಿಕೋರ."

"ಹೌದು."

"ಔಷಧಿ ನಿಂತೇ ಹೋದ್ರೆ?"

"ಗೊತ್ತಿಲ್ಲ. ಬೇರೆ ಏನಿದೆ ಅಂತ ಡಾಕ್ಟರ್ ಕುತ್ತಿಗೆ ಮೇಲೆ ಕೂತು ಕೇಳ್ತೀನಿ. ನನಗೆ ನೀನು ಬೇಕು ಕಣೇ. ಅಷ್ಟೇ ನನಗೆ ಗೊತ್ತಿರೋದು."

ಕೆಂಪು ದೀಪಕ್ಕೆ ಕಾರು ನಿಂತಿತು. ರೊಸಾಲಿ ಗಾಜು ಇಳಿಸಿದಳು. ನನ್ನೆದುರೇ, ಟವೆಲು ಇಲ್ಲದೆ, ಅಂಗೈಗೆ ಕೆಮ್ಮಿದಳು. ಆಮೇಲೆ ಆ ಕೈಯನ್ನೇ ನನ್ನ ಮುಖದ ಮುಂದೆ ಹಿಡಿದು, ಒಂದೇ ಹುಬ್ಬು ಏರಿಸಿದಳು.

"ಮೂಸಿ ನೋಡ್ತೀಯಾ?"

ಮೂಸಲಿಲ್ಲ. ಹಾಗೇ ತುಟಿಗೊತ್ತಿಕೊಂಡೆ.