ಕೊರಿಯಾಮಾಗೆ ಹೋದ ಸೀಮೆಸುಣ್ಣ

ನೈರೋಬಿಯಿಂದ ಜಪಾನಿಗೆ ಹೋದ ಅಯೋಡಿನ್ ಮಾತ್ರೆಗಳಲ್ಲಿ ಅಯೋಡಿನ್ ಇರಲಿಲ್ಲ. ಸೀಮೆಸುಣ್ಣದ ಪುಡಿ ಇತ್ತು.

ಮಾಡಿಸಿದವರು ಧನಂಜಯ್ ಸಾಹೇಬರು. ಔಷಧ ಕಾರ್ಖಾನೆಯ ಮಾಲೀಕರು, ನಮ್ಮ ಕನ್ನಡ ಕೂಟದ ಅಧ್ಯಕ್ಷರು. ನಾನು ಉಮಾಕಾಂತ. ಸಾಹೇಬರ ತೊಂದರೆಗಳನ್ನು ಸದ್ದಿಲ್ಲದೆ ಮುಗಿಸುವುದು ನನ್ನ ಕೆಲಸ.

2011ರ ಮಾರ್ಚಿನ ಆ ಮಧ್ಯಾಹ್ನ ತೊಂದರೆಯ ಹೆಸರು ವಿನೋದಿನಿ. ಕಾರ್ಖಾನೆಯ ಕೆಮಿಸ್ಟ್. ಮಾತ್ರೆ ಪರೀಕ್ಷಿಸಿ, ರಿವರ್‌ಸೈಡ್ ಆಫೀಸಿಗೆ ಬಂದು ಸಾಹೇಬರ ಮುಖಕ್ಕೇ ಹೇಳಿ, ಓಡಿದ್ದಳು. ಅವಳ ಫೋನ್ ಕಿತ್ತುಕೋ, ಬಾಯಿ ಮುಚ್ಚಿಸು ಎಂದು ನನಗೆ ಆರ್ಡರ್ ಆಯಿತು.

ಅವಳು ಹತ್ತಿದ್ದ ಮಟಾಟು, ಅಂದರೆ ಇಲ್ಲಿನ ಮಿನಿಬಸ್ಸು, ಹೊರಟಿತ್ತು; ಓಡಿ ಅದರ ಬಾಗಿಲಿಗೆ ನೇತುಬಿದ್ದೆ. ಕಂಡಕ್ಟರ್ ಕಾಲರ್ ಹಿಡಿದು ಒಳಗೆಳೆದುಕೊಂಡ.

ಹಿಂದೆ ಬಿಳಿ ಪ್ರಾಡೊ ಜೀಪು... ಅದರಲ್ಲಿ ಮಂಜುನಾಥ್. ನನ್ನ ಕೈಲಾಗದ್ದನ್ನು ಮಾಡಲು ಸಾಹೇಬರು ಸಾಕಿಕೊಂಡ ಮನುಷ್ಯ.

ವಿನೋದಿನಿಯ ಪಕ್ಕ ಕೂತೆ. ಚಾಕು ಅವಳ ಪಕ್ಕೆಗೆ ತಾಗಿಸಿದೆ.

“ಫೋನ್ ಕೊಡಿ ಮೇಡಂ.”

“ಚುಚ್ಚಿ. ಆಮೇಲೆ ಕಿಲಿಮಾನಿ ಬಡಾವಣೆಗೆ ಹೋಗಿ ಕೋಕಿಲಮ್ಮಂಗೆ ನೀವೇ ಹೇಳಿ.”

ಏನು ಹೇಳಬೇಕು ಅಂತಲೂ ಅವಳೇ ಹೇಳಿದಳು, ಉಸಿರು ಹಿಡಿದುಕೊಂಡು. ಕೋಕಿಲಮ್ಮನ ಮಗಳು ಚಿನ್ಮಯಿ ಇರುವುದು ಕೊರಿಯಾಮಾದಲ್ಲಿ. ಸುನಾಮಿಗೆ ಸಿಕ್ಕಿ ಒಡೆದ ಅಣು ರಿಯಾಕ್ಟರ್‌ಗೆ ಹತ್ತಿರದ ಊರು. ಬಸುರಿ. ಗಂಡನ ಕಂಪನಿಯ ಕೊನೆಯ ಬಸ್ ಸ್ವಲ್ಪ ಹೊತ್ತಿನಲ್ಲಿ ಒಸಾಕಾಗೆ ಹೊರಡುತ್ತದೆ. ಅವಳು ಹತ್ತುವುದಿಲ್ಲವಂತೆ. ವಿಕಿರಣ ತಡೆಯುವ ಮಾತ್ರೆ ಇದೆಯಲ್ಲ, ಭಯ ಯಾಕೆ ಅಂದಳಂತೆ. ವಿನೋದಿನಿ ಫೋನ್ ಮಾಡಿದ್ದಕ್ಕೆ, ನೀವ್ಯಾರು, ಇದು ನಮ್ಮಮ್ಮ ಕಳಿಸಿದ್ದು ಎಂದು ಕಟ್ ಮಾಡಿದಳಂತೆ.

ಅಮ್ಮ ಕಳಿಸಿದ್ದು ಹೇಗೆ ಎಂಬುದು ನನಗೂ ಗೊತ್ತು. ಯಾರಾದರೂ ಆ ಕಡೆ ಹೊರಟರೆ ಅವರ ಬ್ಯಾಗಿಗೆ ಒಂದು ಪೊಟ್ಟಣ ತುರುಕುವುದು ನಮ್ಮವರ ಪದ್ಧತಿ. ಕೋಕಿಲಮ್ಮ ಮಾತ್ರೆಗಳನ್ನು ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಮೆಂತ್ಯಹಿಟ್ಟಿನ ಜೊತೆ ಕಳಿಸಿದ್ದರು. ಅನುಮಾನ ಪಡಲು ಜಾಗವೆಲ್ಲಿ?

ಈಗ ಅವರು ಮಗಳ ಕ್ಷೇಮಕ್ಕೆಂದು ಪೂಜೆಗೆ ಕೂತಿದ್ದಾರೆ. ಪೂಜೆಗೆ ಕೂತರೆ ಫೋನ್ ಎತ್ತುವುದಿಲ್ಲ.

ನನಗೆ ಏನೂ ಅನ್ನಿಸಲಿಲ್ಲ. ಈ ಕಸುಬಿನಲ್ಲಿ ಮೊದಲು ಸಾಯುವುದು ಮನಸ್ಸೇ. ಆದರೆ ಕೈ ಅವಳ ಫೋನಿನತ್ತ ಹೋಗಲಿಲ್ಲ...

ಪ್ರಾಡೊ ಮುಂದೆ ಬಂದು ಅಡ್ಡ ನಿಂತಿತು. ಮಟಾಟುವಿನವನು ಬ್ರೇಕ್ ಹಾಕಲಿಲ್ಲ. ಫುಟ್‌ಪಾತಿಗೆ ಹತ್ತಿಸಿದ. ಮೆಕ್ಕೆಜೋಳ ಸುಡುತ್ತಿದ್ದವಳ ಒಲೆ ಹಾರಿತು. ಮುಂದಿನ ತಿರುವಿನಲ್ಲಿ ಇಬ್ಬರೂ ಇಳಿದು ಕೋಕಿಲಮ್ಮನ ಮನೆಯತ್ತ ಓಡಿದೆವು.

ಹಿಂದೆ ಬೂಟಿನ ಸದ್ದು.

ಕೋಕಿಲಮ್ಮ ಆರತಿ ತಟ್ಟೆ ಹಿಡಿದೇ ಬಾಗಿಲು ತೆಗೆದರು. ವಿನೋದಿನಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವರು ನನ್ನ ಕಡೆ ತಿರುಗಿದರು.

“ನೀನು ಧನಂಜಯನ ಕಡೆಯೋನಲ್ವೇನೋ? ಹೌದಾ ಇದು?”

“ಹೌದಮ್ಮ.”

ಅಷ್ಟರಲ್ಲಿ ಮಂಜುನಾಥ್ ಬಾಗಿಲು ಒದೆಯತೊಡಗಿದ. ಚಿಲಕ ಹಾಕಿ ಬೆನ್ನು ಕೊಟ್ಟು ನಿಂತೆ. ಒದ್ದಾಗಲೆಲ್ಲ ಹಲ್ಲು ಕಟಕಟ ಅನ್ನುತ್ತಿತ್ತು. ಜೇಬಿನಲ್ಲಿ ಸಾಹೇಬರ ಕಾಲ್ ಗುಂಯ್‌ಗುಡುತ್ತಲೇ ಇತ್ತು.

ಕೋಕಿಲಮ್ಮ ಜಪಾನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು.

“ಚಿನ್ನೂ, ಆ ಮಾತ್ರೆ ಬರೀ ಸುಳ್ಳು ಕಣೇ. ಮೊದಲು ಬಸ್ ಹತ್ತು.”

ಆ ಕಡೆ ಬಸ್ಸಿನ ಹಾರ್ನ್ ಕೇಳಿಸಿತು.

“ಹತ್ತಲ್ಲಮ್ಮ.”

“ಹೊಟ್ಟೇಲಿ ಮಗು ಇದೆ ಕಣೇ...”

“ಇಲ್ಲಿರೋರಿಗೂ ಮಕ್ಕಳಿದಾವಮ್ಮ. ಪ್ರಸಾದದ ಮಾತ್ರೆ ಒಬ್ಬಳೇ ಇಟ್ಕೋಬಾರದು ಅಂತ ಬಿಲ್ಡಿಂಗ್‌ನಲ್ಲಿರೋ ನಮ್ಮವರಿಗೆಲ್ಲ ಹಂಚಿದೀನಿ. ನನ್ನ ನೋಡಿ ಅವರೂ ಬಸ್ ಬೇಡ ಅಂದ್ರು. ಅವರೆಲ್ಲ ಕೆಳಗೆ ಬರೋವರೆಗೂ ನಾನು ಹತ್ತಲ್ಲ. ಬಸ್ ಹೋದ್ರೆ ಹೋಗ್ಲಿ.”

ಸಾಹೇಬರ ಸೇಲ್ಸ್ ಟೀಮ್ ಕೂಡ ಯಾವತ್ತೂ ಇಷ್ಟು ಅಚ್ಚುಕಟ್ಟಾಗಿ ಸರಕು ಮುಟ್ಟಿಸಿರಲಿಲ್ಲ.