ಎಂಟನೆಯ ಗೂಡು

ಬಹಳ ಹಿಂದೆ, ಬರೆದದ್ದೆಲ್ಲ ನಿಜವಾಗುತ್ತಿದ್ದ ಒಂದು ರಾಜ್ಯವಿತ್ತು. ತಾಳೆಗರಿಯ ಮೇಲೆ ಮಂತ್ರ ಬರೆದು ಊರಬಾಗಿಲಿಗೆ ಕಟ್ಟಿದರೆ ಸಾಕು, ಊರಿಗೆಲ್ಲ ತಟ್ಟುತ್ತಿತ್ತು. ಕಂಟಕಸೇನನೆಂಬ ಮಾಂತ್ರಿಕನಿಗೆ ಆ ಊರಿನ ಮೇಲೆ ಹಳೆಯ ಸಿಟ್ಟು. ಒಂದು ದಿನ ಬಂದು ಗರಿಯೊಂದನ್ನು ಕಟ್ಟಿ ಹೋದ. ಅಂದಿನಿಂದ ಮಕ್ಕಳಿಗೆಲ್ಲ ಮಾತು ನಿಂತುಹೋಯಿತು.

ನೇಯ್ಗೆಯ ಜಕ್ಕವ್ವೆಗೆ ಇದ್ದದ್ದು ಒಬ್ಬಳೇ ಮಗಳು, ಏಳು ವರ್ಷದ ಹೊನ್ನಿ. ಅವಳ ಮೌನ ತಡೆಯಲಾಗದೆ ಜಕ್ಕವ್ವೆ, ಅಕ್ಷರ ಕಲಿತು ತಿಂಗಳೂ ಆಗಿರಲಿಲ್ಲ ನೋಡಿ, ಪ್ರತಿಮಂತ್ರ ಬರೆದು ನೇರ ಊರಬಾಗಿಲಿಗೇ ಕಟ್ಟಿಬಿಟ್ಟಳು. ಎಲ್ಲೋ ಎಡವಟ್ಟಾಗಿತ್ತು. ಮಕ್ಕಳಿಗೆ ಮಾತು ಬರಲಿಲ್ಲ. ಹಕ್ಕಿಗಳ ದನಿಯೂ ಅಡಗಿತು. ಆಮೇಲೆ ಅವಳಿಗೆ ಬೀದಿಯಲ್ಲಿ ಮುಖ ತೋರಿಸಲಾಗಲಿಲ್ಲ.

ಅಕ್ಷರ ಕಲಿಸಿದ ಮುದುಕಿ ಮಲ್ಲಬ್ಬೆ ಬಂದಳು. ಬೈಯಲಿಲ್ಲ.

"ಕಲಿಯುವವರು ಮೊದಲೇ ಊರಬಾಗಿಲಿಗೆ ಹೋಗಬಾರದು ತಾಯಿ. ನಿನ್ನ ಗೋಡೆಯ ಎಂಟನೆಯ ಗೂಡಿನಲ್ಲಿ ದೀಪ ಹಚ್ಚಿ ಗರಿ ಇಡು. 'ನನ್ನ ಮನೆ, ಎಂಟನೆಯ ಗೂಡು' ಅನ್ನು. ಇಡೀ ಊರು ಅಂಗೈಯಷ್ಟಾಗಿ ಕಾಣುತ್ತದೆ. ಅಲ್ಲಿ ಏನು ಕೆಟ್ಟರೂ ಹೊರಗಿನವರಿಗೆ ತಟ್ಟದು, ಒಳಹೊಕ್ಕವರಿಗಷ್ಟೇ ತಟ್ಟುತ್ತದೆ. ದೀಪ ಆರಿದರೆ ಬರೀ ಗೋಡೆ."

"ಬೇರೆಯವರು ನುಗ್ಗಿ ಕೆಡಿಸಿದರೆ?"

"ಬೆಂಕಿ ಕೈಯಲ್ಲಿ ಹಿಡಿದು ಆ ಮಾತು ಹೇಳಿದವರು ಗೂಡಿನ ಒಳಗೇ ಹೋಗುತ್ತಾರೆ. ಆದರೆ ಯಾರು ಹೇಳಿದರೂ ಅವರವರ ಮನೆಯ ಗೂಡೇ ತೆರೆಯುವುದು."

ಜಕ್ಕವ್ವೆ ಮೊದಲ ಸಲ ತಿದ್ದಿ ಬರೆದಳು. ಗೂಡಿನೊಳಗಿನ ಊರು ಇದ್ದ ಹಾಗೇ ಇತ್ತು. ಅತ್ತಳು. ಆಮೇಲೆ ನೋಡಿದರೆ, ತಿದ್ದಿದ ಗರಿ ಮಡಿಲಲ್ಲೇ ಇದೆ, ದೀಪದೆದುರು ಇದ್ದದ್ದು ಹಳೆಯ ಮಂತ್ರದ ಕರಡು! ಎರಡನೆಯ ಸಲ ಹೊಸ ಗರಿ ಇಟ್ಟಳು. ಮಕ್ಕಳು ಮಾತಾಡಿದರು, ಆದರೆ ಎಲ್ಲರದೂ ಒಂದೇ ದನಿ. ಮೂರನೆಯ ಸಲ ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ ಬರೆದಳು. ಅಂಗೈಯಗಲದ ಊರಿನಲ್ಲಿ ಮಕ್ಕಳು ತಮ್ಮ ತಮ್ಮ ದನಿಯಲ್ಲಿ ಜಗಳವಾಡಿದರು, ಹಕ್ಕಿಗಳು ಕೂಗಿದವು.

ಆ ಗರಿ ಹಿಡಿದು ಹೊರಡುವಷ್ಟರಲ್ಲಿ, ಗೂಡಿನ ಸುಳಿವು ಸಿಕ್ಕ ಕಂಟಕಸೇನ ಹೊಸ್ತಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಉರಿಯುವ ದೀವಟಿಗೆ, ಇನ್ನೊಂದು ಹೊನ್ನಿಯ ತಲೆಯ ಮೇಲೆ.

"ಗರಿ ಸುಟ್ಟರೆ ಇನ್ನೊಂದು ಬರೆಯುತ್ತೀಯ. ಅದು ಹುಟ್ಟಿದ ಗೂಡನ್ನೇ ಸುಡಬೇಕು. ಒಳಗೆ ಹೋಗುವ ಮಾತು ಹೇಳು. ಇಲ್ಲದಿದ್ದರೆ ಇವಳ ಕಣ್ಣೂ ಹೋಗುತ್ತದೆ."

ಜಕ್ಕವ್ವೆ ಹೊನ್ನಿಯನ್ನು ನೋಡಿದಳು. ಸುಳ್ಳು ಹೇಳಲಿಲ್ಲ.

"ನನ್ನ ಮನೆ, ಎಂಟನೆಯ ಗೂಡು."

ಅವನೂ ಹಾಗೇ ಅಂದ. ಮರುಗಳಿಗೆ ತನ್ನ ಮನೆಯ ಗೂಡಿನೊಳಗಿದ್ದ. ಬರೆದದ್ದನ್ನು ಅವನು ಎಂದೂ ಪರೀಕ್ಷಿಸಿದವನಲ್ಲ. ಊರೂರಿಗೆ ಕಟ್ಟಿ ಉಳಿದ ಗರಿಗಳನ್ನು ಅಲ್ಲೇ ತುರುಕಿಟ್ಟಿದ್ದ. ದೀವಟಿಗೆಯ ಬೆಳಕು ಬಿದ್ದೊಡನೆ ಅವೆಲ್ಲ ಅವನಿಗೇ ತಟ್ಟಿದವು. ಮೊದಲು ಹೋದದ್ದು ದನಿ. ದನಿಯಿಲ್ಲದ ಮಾಂತ್ರಿಕ ಮಾಂತ್ರಿಕನೇ ಅಲ್ಲ.

ಜಕ್ಕವ್ವೆ ನಗಲಿಲ್ಲ. ಮಗಳ ಕೈ ಹಿಡಿದು ಊರಬಾಗಿಲಿಗೆ ನಡೆದಳು. ಗರಿ ಕಟ್ಟಿದಳು. ಊರವರು ಸುತ್ತ ಸೇರಿದ್ದರು.

ಹೊನ್ನಿ ತಲೆಯೆತ್ತಿ ಆಲದ ಕೊಂಬೆ ನೋಡಿದಳು.

"ಅವ್ವಾ, ಹಕ್ಕಿ ಕೂಗ್ತಿದೆ."

ಆ ಊರಿನವರು ಆಮೇಲೆ ತುಂಬುಬಾಳು ಬಾಳಿದರು. ಅಕ್ಷರ ಕಲಿಯುವವರ ಮನೆಯಲ್ಲಿ ಇಂದಿಗೂ ಎಂಟನೆಯ ಗೂಡಿಗೆ ಮೊದಲು ದೀಪ ಹಚ್ಚುತ್ತಾರೆ.